ಸಂಶೋಧಕರ ಲೇಖನಗಳ ಎಣಿಕೆಯೂ ರೈತರ ಕಣದ ಎಣಿಕೆಯೂ

ವಿದ್ವಾಂಸರ ಯೋಗ್ಯತೆಯನ್ನು ಅಳೆಯುವುದಕ್ಕೆ ಒಂದು ಹೊಸ ಕೊಳಗವು ಬಳಕೆಗೆ ಬಂದಿರುತ್ತದೆ. ಒಬ್ಬ ಸಂಶೋಧಕರು ಎಷ್ಟು ಲೇಖನಗಳನ್ನು ಪ್ರಕಟಿಸಿರುತ್ತಾರೆ, ಆ ಲೇಖನಗಳನ್ನು ಇತರ ವಿದ್ವಾಂಸರು ತಮ್ಮ ಬರಹಗಳಲ್ಲಿ ಎಷ್ಟು ಸಲ ಆಧಾರವಾಗಿ ಹೆಸರಿಸಿರುತ್ತಾರೆ ಎಂಬ ಎರಡು ಲೆಕ್ಕಗಳೇ ಆ ಕೊಳಗ. ವಿಶ್ವವಿದ್ಯಾನಿಲಯಗಳಲ್ಲಿ ನೇಮಕ, ಬಡ್ತಿ, ಸಂಶೋಧನೆಗೆ ಹಣದ ಮಂಜೂರಾತಿ ಇವು ಬಹುಮಟ್ಟಿಗೆ ಈ ಲೆಕ್ಕಗಳನ್ನೇ ಅವಲಂಬಿಸಿರುತ್ತವೆ. ಇದು ಪಂಡಿತರ ಮನೆವಾರ್ತೆ, ಬೇಸಾಯಗಾರರಿಗೆ ಇದರಿಂದ ಆಗಬೇಕಾದ್ದೇನು ಎಂದು ಗ್ರಾಮದ ಮುಖಂಡರೂ ಜಮೀನುದಾರರೂ ಭಾವಿಸುವುದು ಸಹಜವೇ. ಆದರೆ ಯಾವ ಬೆಳೆಯ ಮೇಲೆ ಬುದ್ಧಿವಂತರು ತಮ್ಮ ಆಯುಷ್ಯವನ್ನು ವ್ಯಯಮಾಡಬೇಕು, ಯಾವ ಬೆಳೆಯ ಮೇಲೆ ಮಾಡಬಾರದು ಎಂಬುದು ಕಡೆಗೆ ಈ ಎಣಿಕೆಯಿಂದಲೇ ತೀರ್ಮಾನವಾಗುತ್ತಿದ್ದರೆ, ಅದು ಹೊಲದ ಬದುವಿನವರೆಗೂ ಬಂದು ಮುಟ್ಟುವ ವಿಚಾರವೆಂದು ತಿಳಿಯಬೇಕಾಗಿದೆ.

ಬೆಂಗಳೂರಿನ ಪಡುವಣ ಭಾಗದವರಿಗಂತೂ ಇದು ಇನ್ನೂ ಹತ್ತಿರದ ಸಂಗತಿ. ೧೯೪೯ರಲ್ಲಿ ರಾಜಾಜಿನಗರಕ್ಕೆ ಶಂಕುಸ್ಥಾಪನೆಯಾದದ್ದು ಮೊದಲ್ಗೊಂಡು ವಿಜಯನಗರ, ಬಸವೇಶ್ವರನಗರಗಳು ಹೊಲಗಳಿದ್ದ ಜಾಗದಲ್ಲಿ ಎದ್ದು ನಿಂತವು. ೨೦೨೧ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. ಅದರಾಚೆಯ ಗ್ರಾಮಗಳ ಭೂಮಿಯಲ್ಲಿ ನಾಡಪ್ರಭು ಕೆಂಪೇಗೌಡ ಬಡಾವಣೆಯ ನಿವೇಶನಗಳಾಗಿವೆ. ರಾಮೋಹಳ್ಳಿ, ತಾವರೆಕೆರೆ, ಕುಂಬಳಗೋಡುಗಳ ಕಡೆಗೆ ಉಳಿದಿರುವ ಕುಷ್ಕಿ ಹೊಲಗಳಲ್ಲಿ ಮಳೆಯನ್ನು ನಂಬಿ ರಾಗಿಯನ್ನು ಬೆಳೆಯುವವರು ಈಗಲೂ ಇದ್ದಾರೆ. ಇದ್ದ ಐದು ಎಕರೆ ಎರಡಾದವನಿಗೆ ಬಿತ್ತುವ ಬೀಜದ ಗುಣವೇ ಸರ್ವಸ್ವ. ಇನ್ನೊಂದು ಕಾರಣವೂ ಉಂಟು. ಈ ಹೋಬಳಿಗಳ ಒಕ್ಕಲು ಮನೆತನಗಳ ಮಕ್ಕಳು ಅನೇಕರು ಕೆಂಗೇರಿಯ ಮಗ್ಗುಲಲ್ಲೇ ಇರುವ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯಲ್ಲಿ ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನ ಮುಂತಾದ ವಿದ್ಯೆಗಳನ್ನು ಕಲಿಯುತ್ತಾರೆ. ಮಗನೋ ಮಗಳೋ ಸಂಶೋಧನೆಗೆ ಸೇರಿದ ಮೇಲೆ, ಎಷ್ಟು ಲೇಖನಗಳಾದವು, ಅವಕ್ಕೆ ಎಷ್ಟು ಉಲ್ಲೇಖಗಳು ಬಂದವು ಎಂಬ ಮಾತು ಮನೆಯ ಜಗಲಿಯ ಮೇಲೆಯೇ ಕೇಳಿಬರುವ ಕಾಲ ಇದು.

ಈ ಉಲ್ಲೇಖದ ಲೆಕ್ಕವು ಹುಟ್ಟಿದ ಬಗೆಯು ಕೋರ್ಟು ಕಚೇರಿಗಳನ್ನು ಕಂಡ ಜಮೀನುದಾರರಿಗೆ ಸುಲಭವಾಗಿ ತಿಳಿಯತಕ್ಕದ್ದು. ವ್ಯಾಜ್ಯದಲ್ಲಿ ವಕೀಲರು ತಮ್ಮ ಪಕ್ಷಕ್ಕೆ ಬಲವಾಗಿ ಹಿಂದಿನ ತೀರ್ಪುಗಳನ್ನು ಎತ್ತಿ ಹೇಳುತ್ತಾರಷ್ಟೆ. ಯಾವ ತೀರ್ಪನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿ ಹೇಳಲಾಯಿತು, ಅದು ಇನ್ನೂ ಊರ್ಜಿತವೋ ಅಥವಾ ರದ್ದಾಯಿತೋ ಎಂಬುದನ್ನು ತಿಳಿಸುವ ಶೆಪರ್ಡ್ ಎಂಬುವರ ಹೆಸರಿನ ಪಟ್ಟಿಗಳು ಅಮೆರಿಕದ ನ್ಯಾಯವಾದಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ರೂಢಿಯಲ್ಲಿದ್ದವು. ಯೂಜೀನ್ ಗಾರ್‌ಫೀಲ್ಡ್ ಎಂಬ ಮಹನೀಯರು ಇದನ್ನು ಕಂಡು, ವಿಜ್ಞಾನದ ಲೇಖನಗಳಿಗೂ ಇಂಥ ಪಟ್ಟಿ ಇರಬೇಕೆಂದು ೧೯೫೫ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸೂಚಿಸಿ, ಮುಂದಿನ ದಶಕದಲ್ಲಿ ಅದನ್ನು ಕಾರ್ಯಕ್ಕೆ ತಂದರು. ಹಳೆಯ ಲೇಖನವೊಂದರಿಂದ ಹೊರಟು ಅದನ್ನು ಆಧರಿಸಿದ ಹೊಸ ಲೇಖನಗಳನ್ನು ಹುಡುಕುವುದು, ತಪ್ಪೆಂದು ಸಿದ್ಧವಾದ ಸಂಗತಿಯನ್ನು ಮತ್ತೆ ಯಾರೂ ನಂಬಿ ಕೆಡದಂತೆ ನೋಡಿಕೊಳ್ಳುವುದು, ಇವು ಅದರ ಉದ್ದೇಶವಾಗಿದ್ದವು. ಹುಡುಕುವುದಕ್ಕೆಂದು ಮಾಡಿದ ಪಟ್ಟಿಯು ವಿದ್ವಾಂಸರನ್ನು ತೂಗುವ ತಕ್ಕಡಿಯಾದದ್ದು ಅನಂತರದ ಕಥೆ. ವಕೀಲರು ಹಳೆಯ ತೀರ್ಪನ್ನು ಒಪ್ಪಿಯೂ ಎತ್ತಿ ಹೇಳುತ್ತಾರೆ, ಖಂಡಿಸುವುದಕ್ಕೂ ಎತ್ತಿ ಹೇಳುತ್ತಾರೆ. ತಕ್ಕಡಿಗೆ ಈ ಎರಡೂ ಒಂದೇ ತೂಕ!

೨೦೦೫ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿಗಳು ಈ ಎರಡು ಲೆಕ್ಕಗಳನ್ನೂ ಒಂದೇ ಅಂಕೆಯಲ್ಲಿ ಸೇರಿಸುವ ಕ್ರಮವನ್ನು ಸೂಚಿಸಿದರು. ಅದನ್ನು ತೆಂಗಿನ ತೋಟದ ದೃಷ್ಟಾಂತದಿಂದ ತಿಳಿಯಬಹುದು. ತೋಟದಲ್ಲಿ ಇಪ್ಪತ್ತು ಕಾಯಿಗಳಿಗೆ ಕಡಮೆಯಿಲ್ಲದೆ ಬಿಡುವ ಮರಗಳು ಇಪ್ಪತ್ತಿದ್ದು, ಇಪ್ಪತ್ತೊಂದು ಕಾಯಿಗಳಿಗೆ ಕಡಮೆಯಿಲ್ಲದೆ ಬಿಡುವ ಮರಗಳು ಇಪ್ಪತ್ತೊಂದು ಇಲ್ಲದಿದ್ದರೆ, ಆ ತೋಟದ ಅಂಕೆ ಇಪ್ಪತ್ತು. ಮರಗಳೆಂದರೆ ಲೇಖನಗಳು, ಕಾಯಿಗಳೆಂದರೆ ಉಲ್ಲೇಖಗಳು. ಬರಿಯ ಗೊಡ್ಡು ಮರಗಳನ್ನು ನೂರಾರು ನೆಟ್ಟವನಿಗೆ ಈ ಕ್ರಮದಲ್ಲಿ ಮರ್ಯಾದೆ ದೊರೆಯುವುದಿಲ್ಲ. ಇದು ಅದರ ಗುಣ. ಆದರೆ ತೋಟದಲ್ಲಿ ಒಂದೇ ಒಂದು ಮರವಿದ್ದು ಅದು ಊರಿಗೆಲ್ಲ ಸಾಕಾಗುವಷ್ಟು ಕಾಯಿ ಬಿಟ್ಟರೂ ಆ ತೋಟದ ಅಂಕೆ ಒಂದೇ ಆಗಿ ಉಳಿಯುತ್ತದೆ.

ಉಲ್ಲೇಖಗಳು ಹೆಚ್ಚಾದ ಮಾತ್ರಕ್ಕೆ ಸಂಶೋಧನೆ ದೊಡ್ಡದೆಂದು ಹೇಳುವಂತೆಯೂ ಇಲ್ಲ. ಜೀವಿಗಳ ಒಳಗಿನ ಅಣುಗಳ ವ್ಯಾಪಾರವನ್ನು ಪರಿಶೀಲಿಸುವ ಆಣ್ವಿಕ ಜೀವಶಾಸ್ತ್ರದಲ್ಲೇ ಇದಕ್ಕೆ ನಿದರ್ಶನವಿದೆ. ೨೦೧೪ರಲ್ಲಿ 'ನೇಚರ್' ಪತ್ರಿಕೆಯು ಪ್ರಪಂಚದಲ್ಲಿ ಅತ್ಯಧಿಕ ಉಲ್ಲೇಖ ಪಡೆದ ನೂರು ಲೇಖನಗಳ ಪಟ್ಟಿಯನ್ನು ಮಾಡಿತು. ಮೊದಲನೆಯ ಸ್ಥಾನದಲ್ಲಿದ್ದುದು ೧೯೫೧ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದ ಲೇಖನ. ಒಂದು ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆಯೆಂದು ಅಳೆಯುವ ಕ್ರಮವನ್ನು ಅದರಲ್ಲಿ ಹೇಳಿತ್ತು. ಉಲ್ಲೇಖಗಳು ಮೂರು ಲಕ್ಷಕ್ಕೂ ಮಿಕ್ಕಿದ್ದವು. ಅದೇ ಪಟ್ಟಿಯ ನೂರರಲ್ಲಿ, ವಂಶಗುಣಗಳನ್ನು ಹೊತ್ತು ಸಾಗಿಸುವ ಡಿ.ಎನ್.ಎ. ಅಣುವಿನ ಜೋಡಿ ಸುರುಳಿಯ ರೂಪವನ್ನು ೧೯೫೩ರಲ್ಲಿ ಲೋಕಕ್ಕೆ ತಿಳಿಸಿದ ಲೇಖನಕ್ಕೆ ಸ್ಥಾನವೇ ಇರಲಿಲ್ಲ. ಸಂತೆಯಲ್ಲಿ ಎಲ್ಲರ ಕೈಗೂ ಬರುವುದು ಸೇರು ಪಾವುಗಳು. ಆ ಕಾರಣದಿಂದ ಸೇರು ಮಾಡಿದ ಕಂಚುಗಾರನು ರಾಗಿ ಬೆಳೆದವನಿಗಿಂತ ದೊಡ್ಡವನೆಂದು ಯಾರೂ ಹೇಳಲಾರರು; ಸಣ್ಣವನೆಂದೂ ಹೇಳಲಾಗದು.

ಇನ್ನು ಈ ನಾಡಿನದೇ ಆದ ಒಂದು ನಿದರ್ಶನವನ್ನು ವಿವರವಾಗಿ ನೋಡುವುದು ಯುಕ್ತ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ತಳಿವಿಜ್ಞಾನದ ಪ್ರಾಧ್ಯಾಪಕರಾಗಿ ಕೆಲಸಮಾಡಿದ ಡಾಕ್ಟರ್ ಶೈಲಜಾ ಹಿತ್ತಲಮನಿಯವರ ಹೆಸರು ಬತ್ತ ಮತ್ತು ರಾಗಿಯ ಆಣ್ವಿಕ ಸಂಶೋಧನೆಯಲ್ಲಿ ಪ್ರಸಿದ್ಧವಾದದ್ದು. ಅವರ ಪ್ರಕಟಣೆಗಳಲ್ಲಿ ಮುಖ್ಯವಾದುದೊಂದು ೨೦೦೦ದಲ್ಲಿ, ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾಲಯದ ವಿದ್ವಾಂಸರೊಡನೆ ಕೂಡಿ ಬರೆದದ್ದು. ಬತ್ತದ ಬೆಂಕಿರೋಗವು ಅದರ ವಿಷಯ. ಈ ರೋಗವನ್ನು ತಡೆಯುವ ಜೀನುಗಳು, ಎಂದರೆ ವಂಶವಾಹಿಗಳು, ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆಯಾಗಿರುತ್ತವೆ. ಒಂದೇ ಜೀನನ್ನು ನಂಬಿದ ತಳಿಯು ಕೆಲವು ವರ್ಷ ನಿಂತು, ರೋಗದ ಬೂಷ್ಟು ತನ್ನ ವೇಷವನ್ನು ಬದಲಾಯಿಸಿದೊಡನೆ ಬಿದ್ದುಹೋಗುತ್ತದೆ. ಎರಡು ಮೂರು ಜೀನುಗಳನ್ನು ಒಂದೇ ಗಿಡದಲ್ಲಿ ಕೂಡಿಸಿದರೆ, ಒಂದು ಬೀಗ ಮುರಿದರೂ ಇನ್ನೊಂದು ಬೀಗ ಉಳಿಯುತ್ತದೆ.

ಕೂಡಿಸುವುದರಲ್ಲಿದ್ದ ತೊಡಕೇನೆಂಬುದನ್ನು ಬೀಜ ಕಟ್ಟುವ ಜಮೀನುದಾರರು ತಿಳಿದರೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ. ಹಳೆಯ ಕ್ರಮದಲ್ಲಿ ಗಿಡಕ್ಕೆ ರೋಗವನ್ನು ಹತ್ತಿಸಿ, ಬಾಡಿದ್ದನ್ನು ಕಿತ್ತೊಗೆದು, ಬದುಕಿದ್ದನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ಜೀನು ಇರುವ ಗಿಡವೂ ಬದುಕುತ್ತದೆ, ಮೂರು ಇರುವ ಗಿಡವೂ ಬದುಕುತ್ತದೆ. ಕಣ್ಣಿಗೆ ಎರಡೂ ಒಂದೇ ಹಸಿರು. ಯಾವುದರಲ್ಲಿ ಒಂದು ಬೀಗ, ಯಾವುದರಲ್ಲಿ ಮೂರು ಎಂದು ಹೊರಗಿನಿಂದ ಹೇಳುವ ಉಪಾಯವೇ ಇರಲಿಲ್ಲ. ಆಣ್ವಿಕ ಕ್ರಮದಲ್ಲಾದರೋ ಎಳೆಯ ಸಸಿಯ ಎಲೆಯ ಒಂದು ಚೂರನ್ನು ತೆಗೆದುಕೊಂಡು, ಅದರ ಡಿ.ಎನ್.ಎ.ಯಲ್ಲಿ ಆಯಾ ಜೀನಿನ ನೆರೆಯಲ್ಲಿರುವ ಗುರುತುಗಳನ್ನು ಪರೀಕ್ಷಿಸುತ್ತಾರೆ. ರಾಸಿನ ಕಿವಿಯ ಬಿಲ್ಲೆ ನೋಡಿ ಅದು ಯಾರ ಮನೆಯದೆಂದು ಹೇಳುವಂತೆ, ಗುರುತು ಇದ್ದಲ್ಲಿ ಜೀನು ಇದೆಯೆಂದು ತಿಳಿಯಬಹುದು. ಡಾಕ್ಟರ್ ಹಿತ್ತಲಮನಿಯವರೂ ಸಂಗಡಿಗರೂ ಬೆಂಕಿರೋಗಕ್ಕೆ ಬೇಗ ತುತ್ತಾಗುವ ಕೊಯಮತ್ತೂರಿನ ಸಿ.ಒ.-೩೯ ಎಂಬ ಬತ್ತದಿಂದ ಬಂದ, ಒಂದೊಂದು ರಕ್ಷಕ ಜೀನನ್ನು ಮಾತ್ರ ಪಡೆದಿದ್ದ ಮೂರು ಬಗೆಗಳನ್ನು ಸಂಕರಮಾಡಿ, ಮೂರು ಜೀನುಗಳನ್ನೂ ಕೂಡಿಸಿಕೊಂಡ ಗಿಡಗಳನ್ನು ಈ ಗುರುತುಗಳ ಸಹಾಯದಿಂದ ಆರಿಸಿದರು. ಭಾರತದಲ್ಲಿಯೂ ಫಿಲಿಪ್ಪೀನ್ಸಿನಲ್ಲಿಯೂ ಅವನ್ನು ರೋಗದ ಎದುರಿಗೆ ನಿಲ್ಲಿಸಿ ಪರೀಕ್ಷಿಸಲಾಯಿತು. ಈ ಲೇಖನವನ್ನು ಪ್ರಪಂಚದ ನಾನಾ ದೇಶಗಳ ವಿದ್ವಾಂಸರು ನೂರಾರು ಸಲ ಉಲ್ಲೇಖಿಸಿರುತ್ತಾರೆ. ಇಲ್ಲಿ ಉಲ್ಲೇಖದ ಲೆಕ್ಕವು ಸುಳ್ಳನ್ನು ಹೇಳುತ್ತಿಲ್ಲ. ಒಬ್ಬರು ತೋರಿಸಿದ ದಾರಿಯಲ್ಲಿ ಬತ್ತ ಬೆಳೆಯುವ ದೇಶಗಳ ಅನೇಕ ತಳಿ ಸಂಶೋಧಕರು ನಡೆದರೆಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ.

ಅದೇ ಪ್ರಾಧ್ಯಾಪಕರ ಇನ್ನೊಂದು ಕೆಲಸದ ವಿಚಾರದಲ್ಲಿ ಈ ಲೆಕ್ಕವು ಮೌನವಾಗಿಬಿಡುತ್ತದೆ. ಕೆಸರು ಗದ್ದೆ ಮಾಡದೆ, ನೀರನ್ನು ನಿಲ್ಲಿಸದೆ, ರಾಗಿಯಂತೆ ಒಣಭೂಮಿಯಲ್ಲಿ ನೇರವಾಗಿ ಬಿತ್ತಿ ಬೆಳೆಯತಕ್ಕ 'ಶಾರದಾ' ಎಂಬ ಎಂ.ಎ.ಎಸ್. ೯೪೬-೧ ಬತ್ತವು ೨೦೦೭ರಲ್ಲಿ ಬಿಡುಗಡೆಯಾಯಿತು. ಗುರುತುಗಳ ಸಹಾಯದಿಂದ ಆರಿಸುವ ವಿದ್ಯೆಯ ಆಂಗ್ಲ ಹೆಸರಿನ ಮೊದಲಕ್ಷರಗಳೇ ಆ ತಳಿಯ ಹೆಸರಿನಲ್ಲಿರುವ ಎಂ.ಎ.ಎಸ್. ಎಂಬುವು. ಕೊಳವೆ ಬಾವಿಯ ನೀರು ವರ್ಷ ವರ್ಷ ಕೆಳಕ್ಕಿಳಿಯುತ್ತಿರುವ ಸೀಮೆಯಲ್ಲಿ ಇದು ಸಾಮಾನ್ಯ ವಿಷಯವಲ್ಲ. ಈ ಬೀಜವನ್ನು ಒಬ್ಬ ಒಕ್ಕಲಿಗನು ತಂದು ಬಿತ್ತಿ, ಕೊಯ್ದು, ನೆರೆಯವನಿಗೆ ಎರಡು ಸೇರು ಕೊಟ್ಟರೆ, ಅದು ಯಾವ ಪಟ್ಟಿಯಲ್ಲಿಯೂ ಬರೆಯಲ್ಪಡುವುದಿಲ್ಲ. ಅವನು ಅಡಿಟಿಪ್ಪಣಿ ಬರೆಯುವವನಲ್ಲ. ಬೀಜದ ಚೀಲದ ಮೇಲೆ ತಳಿಯ ಹೆಸರಿರುತ್ತದೆಯೇ ಹೊರತು ತಳಿಯನ್ನು ಕಟ್ಟಿದವರ ಹೆಸರಿರುವುದಿಲ್ಲ.

ರಾಗಿಯ ವಿಷಯಕ್ಕೆ ಬಂದರೆ ಅನ್ಯಾಯವು ಇನ್ನೂ ಸ್ಪಷ್ಟವಾಗುತ್ತದೆ. ೨೦೧೭ರ ಜೂನ್ ತಿಂಗಳಲ್ಲಿ ಡಾಕ್ಟರ್ ಹಿತ್ತಲಮನಿಯವರೂ ಸಹೋದ್ಯೋಗಿಗಳೂ ರಾಗಿಯ ಜೀನೋಮನ್ನು, ಎಂದರೆ ಅದರ ವಂಶಲಿಪಿಯ ಒಟ್ಟು ಪಾಠವನ್ನು, ಯಾರು ಬೇಕಾದರೂ ಹಣ ತೆರದೆ ಓದಬಹುದಾದ 'ಬಿ.ಎಂ.ಸಿ. ಜೀನೋಮಿಕ್ಸ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಧಾರವಾಗಿ ತೆಗೆದುಕೊಂಡದ್ದು ಬೆಂಗಳೂರಿನ ಸೀಮೆಯ ರೈತರಿಗೆ ಪರಿಚಿತವಾದ ಎಂ.ಎಲ್.-೩೬೫ ತಳಿಯನ್ನು. ರಾಗಿಯ ವಂಶಲಿಪಿಯಲ್ಲಿ ಸುಮಾರು ೧೪೫ ಕೋಟಿ ಅಕ್ಷರಗಳಿವೆಯೆಂದು ಅಂದಾಜು. ಅದರಲ್ಲಿ ಸುಮಾರು ೧೨೦ ಕೋಟಿ, ಎಂದರೆ ನೂರಕ್ಕೆ ೮೨ ಪಾಲನ್ನು ಜೋಡಿಸಲಾಯಿತು. ೮೫,೨೪೩ ಜೀನುಗಳಿರುವುದಾಗಿ ಲೆಕ್ಕ ಸಿಕ್ಕಿತು. ಬತ್ತದ ವಂಶಲಿಪಿಯು ೩೯ ಕೋಟಿ ಅಕ್ಷರಗಳಷ್ಟು ಮಾತ್ರ. ಹಿಂದೆ ಎರಡು ಬೇರೆ ಬೇರೆ ಹುಲ್ಲುಗಳ ವಂಶಲಿಪಿಗಳು ಒಂದಾಗಿ ಸೇರಿ ರಾಗಿಯು ಹುಟ್ಟಿದ ಕಾರಣ, ಒಂದೇ ಬಗೆಯ ವಾಕ್ಯಗಳು ಎರಡೆರಡು ಕಡೆ ಬರುತ್ತವೆ. ಹರಿದ ಎರಡು ಪ್ರತಿಗಳ ಓಲೆಯ ಚೂರುಗಳನ್ನು ಒಂದೇ ಕಟ್ಟಿನಲ್ಲಿ ಬೆರಸಿಟ್ಟು ಆಮೇಲೆ ಬೇರ್ಪಡಿಸಿ ಓದುವ ಕಷ್ಟ ಇದು. ಸಾಕಷ್ಟು ನೀರು ಕೊಟ್ಟ ಗಿಡಗಳಲ್ಲಿಯೂ ನೀರು ಕಡಮೆ ಮಾಡಿದ ಗಿಡಗಳಲ್ಲಿಯೂ ಯಾವ ಯಾವ ಜೀನುಗಳು ಎಚ್ಚರಗೊಳ್ಳುತ್ತವೆಂಬುದನ್ನು ಹೋಲಿಸಿ, ಅನಾವೃಷ್ಟಿಯಲ್ಲಿ ರಾಗಿಯು ತಡೆದು ನಿಲ್ಲುವ ಬಗೆಯನ್ನೂ ಅದೇ ಲೇಖನದಲ್ಲಿ ವಿಚಾರಮಾಡಲಾಯಿತು.

ಬತ್ತದ ವಂಶಲಿಪಿಯನ್ನು ೨೦೦೫ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳು ಕೂಡಿ ಪ್ರಕಟಿಸಿದವು. ರಾಗಿಯ ಸರದಿ ಬಂದದ್ದು ಹನ್ನೆರಡು ವರ್ಷಗಳ ಮೇಲೆ. ಬತ್ತದ ಲೇಖನಕ್ಕೆ ಉಲ್ಲೇಖಗಳು ಸಾವಿರಗಟ್ಟಲೆ ಬಂದವು. ರಾಗಿಯದಕ್ಕೆ ಅಷ್ಟು ಬರುವುದು ಸಾಧ್ಯವೇ ಇಲ್ಲ. ರಾಗಿಯ ಕೆಲಸವು ಕಡಮೆಯದೆಂಬುದು ಇದರ ಕಾರಣವಲ್ಲ. ಪ್ರಪಂಚದಲ್ಲಿ ಬತ್ತದ ಮೇಲೆ ಕೆಲಸಮಾಡುವ ವಿದ್ವಾಂಸರು ಅಸಂಖ್ಯರು, ರಾಗಿಯ ಮೇಲೆ ಕೆಲಸಮಾಡುವವರು ಬೆರಳೆಣಿಕೆಯವರು. ಓದುವವರೇ ಕಡಮೆಯಿದ್ದಲ್ಲಿ ಹೆಸರಿಸುವವರು ಎಲ್ಲಿಂದ ಬರಬೇಕು? ಹೀಗಿರುವಲ್ಲಿ ಬುದ್ಧಿವಂತನಾದ ತರುಣ ಸಂಶೋಧಕನು ಏನು ಮಾಡುತ್ತಾನೆ? ಸಂಬಳ ಬಡ್ತಿಗಳು ಉಲ್ಲೇಖವನ್ನು ಅನುಸರಿಸುವುದಾದರೆ ಅವನು ಬತ್ತ, ಗೋಧಿ, ಮೆಕ್ಕೆಜೋಳಗಳ ಕಡೆಗೆ ಹೊರಟುಹೋಗುತ್ತಾನೆ. ಅವರೆ, ಹುರುಳಿ, ಹುಚ್ಚೆಳ್ಳು, ಸಾಮೆ, ನವಣೆಗಳು ದಿಕ್ಕಿಲ್ಲದೆ ಉಳಿಯುತ್ತವೆ. ಭಾರತದಲ್ಲಿ ಅತ್ಯಧಿಕವಾಗಿ ರಾಗಿಯನ್ನು ಬೆಳೆಯುವುದು ಕರ್ನಾಟಕ. ಇಲ್ಲಿನ ವಿದ್ವಾಂಸರು ಅದನ್ನು ಬಿಟ್ಟರೆ ಜಪಾನಿನವರೋ ಅಮೆರಿಕದವರೋ ಬಂದು ರಾಗಿ ಮುದ್ದೆಯ ಯೋಗಕ್ಷೇಮವನ್ನು ವಿಚಾರಿಸಿಯಾರೆಂದು ಕಾದು ಕೂಡುವುದು ವಿವೇಕವಲ್ಲ. ಹೊರದೇಶದವರು ಏನೂ ಮಾಡಿಲ್ಲವೆಂದು ಇದರ ಅರ್ಥವಲ್ಲ. ೨೦೨೩ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಅನೇಕ ದೇಶದವರು ಸೇರಿ ರಾಗಿಯ ಇನ್ನೂ ಪೂರ್ಣವಾದ ವಂಶಲಿಪಿಯನ್ನು ಪ್ರಕಟಿಸಿರುತ್ತಾರೆ.

ಮೇಲೆ ಹೇಳಿದ ಎಂ.ಎಲ್.-೩೬೫ ತಳಿಯ ವಂಶಾವಳಿಯನ್ನು ನೋಡಿದರೆ ಎಣಿಕೆಗೆ ಸಿಕ್ಕದ ಇನ್ನೊಬ್ಬ ಮಹನೀಯರ ಹೆಸರು ಎದುರಾಗುತ್ತದೆ. ಅದನ್ನು ಹುಟ್ಟಿಸಿದ ತಳಿಗಳಲ್ಲಿ ಇಂಡಾಫ್-೫ ಒಂದು. ಬೆಂಕಿರೋಗವನ್ನು ತಡೆಯುವುದೆಂದು ರೈತರು ಬಹುಕಾಲ ನೆಚ್ಚಿಕೊಂಡ ಜಿ.ಪಿ.ಯು.-೨೮ರ ವಂಶದಲ್ಲಿಯೂ ಅದೇ ಇಂಡಾಫ್-೫ ಸೇರಿದೆ. ಇಂಡಾಫ್ ತಳಿಗಳನ್ನು ಕಟ್ಟಿದವರು ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ದುಡಿದ ಲಕ್ಷ್ಮಣಯ್ಯನವರು. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಅವರು ಮಾಡಿಸಿದ ಸಂಬಂಧದಿಂದಲೇ ಇಂಡಾಫ್ ಎಂಬ ಹೆಸರು ಬಂದದ್ದು. ರಾಗಿಯ ಹೂವು ಅತಿ ಸಣ್ಣದು, ತನ್ನಲ್ಲಿಯೇ ತಾನು ಫಲಗೊಳ್ಳುವಂಥದು. ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಕೂಡಿಸುವುದು ಸಾಮಾನ್ಯವಾದ ತಾಳ್ಮೆಯಿಂದ ಆಗುವ ಕೆಲಸವಲ್ಲ. ಅನ್ನಪೂರ್ಣ, ಕಾವೇರಿ, ಪೂರ್ಣ, ಶಕ್ತಿ ಮುಂತಾದ ತಳಿಗಳೂ ಅವರವೇ. ಜನರು ಅವರನ್ನು ರಾಗಿ ಲಕ್ಷ್ಮಣಯ್ಯನೆಂದು ಕರೆದರು. ೧೯೯೩ರಲ್ಲಿ ಅವರು ಕಾಲವಾದರು. ಅವರ ಕೆಲಸದ ಉಲ್ಲೇಖಗಳನ್ನು ಹುಡುಕಬೇಕಾದದ್ದು ಪತ್ರಿಕೆಗಳ ಅಡಿಟಿಪ್ಪಣಿಗಳಲ್ಲಲ್ಲ, ಇಂದಿನ ರಾಗಿಯ ರಕ್ತದಲ್ಲಿ. ೨೦೧೭ರ ಲೇಖನದಲ್ಲಿ ಓದಲ್ಪಟ್ಟ ಆ ಕೋಟಿಗಟ್ಟಲೆ ಅಕ್ಷರಗಳೊಳಗೆ ಲಕ್ಷ್ಮಣಯ್ಯನವರ ಕೈಬರಹವೂ ಒಂದಷ್ಟು ಇದೆಯೆಂದರೆ ಉತ್ಪ್ರೇಕ್ಷೆಯಾಗದು.

ಇಷ್ಟನ್ನು ಹೇಳಿದ ಮಾತ್ರಕ್ಕೆ ಬರೆಯುವುದೂ ಪ್ರಕಟಿಸುವುದೂ ವ್ಯರ್ಥವೆಂದು ಯಾರೂ ತಿಳಿಯಬಾರದು. ಮೈಸೂರು ಸೀಮೆಯ ವ್ಯವಸಾಯದ ಚರಿತ್ರೆಯೇ ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಹೇಳುತ್ತದೆ. ೧೯೦೮ರಲ್ಲಿ ಮೈಸೂರಿಗೆ ಬಂದು, ಮುಂದೆ ವ್ಯವಸಾಯದ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಪರಿಶೀಲಿಸಿ, ಅದು ಒಂದು ಬೂಷ್ಟಿನಿಂದ ಬರುವುದೆಂದು ೧೯೧೦ರಲ್ಲಿ ಇಲಾಖೆಯ ಪ್ರಕಟಣೆಯಲ್ಲಿ ಬರೆದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಗೊನೆಗಳಿಗೆ ಸಿಂಪಡಿಸುವ ಕ್ರಮವು ಆ ಕೆಲಸದಿಂದ ಹಬ್ಬಿದ್ದು ಇಂದಿಗೂ ತೋಟಗಳಲ್ಲಿ ನಡೆದಿದೆ. ಆ ಬೂಷ್ಟಿನ ಶಾಸ್ತ್ರೀಯ ನಾಮದ ಜೊತೆಯಲ್ಲಿ, ಅದನ್ನು ಮೊದಲು ವರ್ಣಿಸಿದವರೆಂದು ಕೋಲ್‌ಮನ್ನರ ಹೆಸರು ನೂರು ವರ್ಷಗಳ ಮೇಲೂ ಬರುತ್ತಿದೆ. ಅವರು ಬರೆದಿಡದೆ ಹೋಗಿದ್ದರೆ ತೀರ್ಥಹಳ್ಳಿಯಲ್ಲಿ ಕಂಡದ್ದು ಶಿರಸಿಗೆ ತಿಳಿಯುವುದಕ್ಕೆ ಎಷ್ಟು ಕಾಲ ಹಿಡಿಯುತ್ತಿತ್ತೋ ಹೇಳಲಾಗದು. ಪ್ರಕಟಣೆ ಎಂಬುದು ವಿದ್ಯೆಯನ್ನು ಒಬ್ಬರ ಸೊತ್ತಾಗಿ ಉಳಿಯಗೊಡದ ಏರ್ಪಾಡು. ೧೯೬೭ರಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ತನ್ನದೇ ಆದ ಮೈಸೂರು ಕೃಷಿ ವಿಜ್ಞಾನ ಪತ್ರಿಕೆಯನ್ನು ಹೊರಡಿಸುತ್ತ ಬಂದಿರುವುದೂ ಇದೇ ಕಾರಣದಿಂದ.

ಉಲ್ಲೇಖದ ಎಣಿಕೆಯಿಂದ ಇನ್ನೊಂದು ಉಪಕಾರವೂ ಉಂಟು. ಅದು ಇಲ್ಲದಿದ್ದರೆ ನೇಮಕ ಬಡ್ತಿಗಳು ಪರಿಚಯ, ಶಿಫಾರಸು, ಜಾತಿ ಬಾಂಧವ್ಯಗಳ ಮೇಲೆ ನಡೆಯುವ ಅಪಾಯ ಸದಾ ಇದ್ದದ್ದೇ. ಅಂಕೆಯನ್ನು ಹೊರಗಿನವರು ಪರೀಕ್ಷಿಸಿ ನೋಡಬಹುದು; ಶಿಫಾರಸನ್ನು ನೋಡಲಾಗದು. ಹಳ್ಳಿಯಿಂದ ಹೋದ, ದೊಡ್ಡವರ ಪರಿಚಯವಿಲ್ಲದ ಹುಡುಗನಿಗೆ ಈ ಅಂಕೆಯೇ ಊರುಗೋಲಾದ ಸಂದರ್ಭಗಳು ಇರಲೇಬೇಕು. ಆದರೆ ಊರುಗೋಲು ಬೇಕೆಂದು ಎಲ್ಲರೂ ಹೊರಟಾಗ ಅದನ್ನು ಮಾರುವವರೂ ಹುಟ್ಟಿಕೊಂಡರು. ೨೦೧೦ರ ನಿಯಮಗಳಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ಬಡ್ತಿಗೆ ಪ್ರಕಟಣೆಗಳ ಮೇಲೆ ಅಂಕಗಳನ್ನು ಗೊತ್ತುಮಾಡಿತು. ದುಡ್ಡು ಕೊಟ್ಟರೆ ಏನನ್ನು ಬೇಕಾದರೂ ಅಚ್ಚುಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ೨೦೧೮ರ ಮೇ ತಿಂಗಳಲ್ಲಿ ಅದೇ ಆಯೋಗವು ತಾನು ಒಪ್ಪಿದ್ದ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ತೆಗೆದುಹಾಕಬೇಕಾಗಿ ಬಂತು. ೨೦೨೨ರ ನಿಯಮಗಳಲ್ಲಿ, ಪಿಎಚ್.ಡಿ. ಪದವಿಗೆ ಮುಂಚೆ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನೂ ಬಿಟ್ಟಿತು. ಮಗನ ಲೇಖನ ಅಚ್ಚಾಗುವುದಕ್ಕೆ ಇಷ್ಟು ಸಾವಿರ ಬೇಕೆಂದು ಪತ್ರ ಬಂದಾಗ ಕೆಂಗೇರಿಯ ಕಡೆಯ ತಂದೆತಾಯಿಗಳು ಹಣ ಕಟ್ಟುವುದಕ್ಕೆ ಮುಂಚೆ ಆ ಪತ್ರಿಕೆ ಯಾವುದು, ಅದರ ಹೆಸರನ್ನು ಮಗನ ಗುರುಗಳು ಬಲ್ಲರೇ ಎಂದು ಕೇಳುವುದು ಮೇಲು. ಒಳ್ಳೆಯ ಪತ್ರಿಕೆಗಳಲ್ಲಿಯೂ ಶುಲ್ಕ ತೆಗೆದುಕೊಳ್ಳುವುವು ಇವೆಯಾದ್ದರಿಂದ ಹಣ ಕೇಳಿದ ಮಾತ್ರಕ್ಕೆ ಮೋಸವೆಂದು ಹೇಳಲೂ ಆಗದು.

ವಿದ್ವಾಂಸರಲ್ಲಿಯೇ ಈ ವಿಷಯದಲ್ಲಿ ಅಸಮಾಧಾನವಿಲ್ಲದೆ ಇಲ್ಲ. ೨೦೧೨ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಜೀವಕೋಶ ವಿಜ್ಞಾನಿಗಳ ಸಭೆಯ ಸಂದರ್ಭದಲ್ಲಿ ಸೇರಿದವರು ಒಂದು ಘೋಷಣೆಯನ್ನು ಸಿದ್ಧಮಾಡಿ ಮುಂದಿನ ವರ್ಷ ಪ್ರಕಟಿಸಿದರು. ಲೇಖನವು ಅಚ್ಚಾದ ಪತ್ರಿಕೆಯ ಅಂಕೆಯನ್ನು ನೋಡಿ ಬರೆದವರ ಯೋಗ್ಯತೆಯನ್ನು ನಿರ್ಣಯಿಸಬಾರದು, ಕೆಲಸವನ್ನೇ ನೋಡಬೇಕೆಂಬುದು ಅದರ ಸಾರ. ಇಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿಯು ಪತ್ರಿಕೆಗಳಿಗೆ ಅಂಕ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಕೃಷಿ ವಿಜ್ಞಾನಿಗಳ ನೇಮಕ ಬಡ್ತಿಗಳಲ್ಲಿ ಅದಕ್ಕೆ ಬೆಲೆಯುಂಟು. ಆ ಅಂಕವನ್ನು ಕೈಬಿಡಬೇಕೆಂದು ಗ್ರಾಮದ ಮುಖಂಡರು ಕೇಳಬೇಕಾಗಿಲ್ಲ. ಅವರು ಕೇಳಬೇಕಾದದ್ದು ಎರಡು ಸಂಗತಿಗಳನ್ನು. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳಿಗೆ ಬೇರೆ, ಹಾಲು ಕೊಡುವ ಹಸುಗಳಿಗೆ ಬೇರೆ ಬಹುಮಾನ ಇಡುತ್ತಾರೆ. ಒಂದೇ ಸಾಲಿನಲ್ಲಿ ಕಟ್ಟಿ ಹಾಲನ್ನು ಅಳೆದರೆ ಹೋರಿಯ ಗತಿಯೇನು? ಹಾಗೆಯೇ ರಾಗಿಯ ಸಂಶೋಧಕರನ್ನು ರಾಗಿಯ ಸಂಶೋಧಕರೊಡನೆ, ಅವರೆಯವರನ್ನು ಅವರೆಯವರೊಡನೆ ಹೋಲಿಸಬೇಕು. ಎರಡನೆಯದಾಗಿ, ಲೇಖನ, ಉಲ್ಲೇಖಗಳ ಎರಡು ಕಲಮುಗಳ ಪಕ್ಕದಲ್ಲಿ ಮೂರನೆಯ ಕಲಮೊಂದನ್ನು ಹಾಕಿ, ಆ ವಿದ್ವಾಂಸರ ಕೆಲಸದಿಂದ ಹುಟ್ಟಿದ ತಳಿ ಯಾವುದು, ಅದರ ಬೀಜ ಎಷ್ಟು ಕ್ವಿಂಟಾಲು ಹಂಚಿಕೆಯಾಯಿತು, ಎಷ್ಟು ಎಕರೆಯಲ್ಲಿ ನಿಂತಿತು ಎಂಬುದನ್ನು ಬರೆಯಬೇಕು. ಕೃಷಿ ವಿಶ್ವವಿದ್ಯಾನಿಲಯದ ವ್ಯವಸ್ಥಾಪನಾ ಮಂಡಲಿಯಲ್ಲಿ ರೈತರ ಪ್ರತಿನಿಧಿಗಳಿಗೆ ಸ್ಥಾನವಿರುತ್ತದೆ. ಈ ಪ್ರಶ್ನೆಯನ್ನು ಅವರ ಮೂಲ್ಕ ಎತ್ತಿಸುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ.

ಮೂರನೆಯ ಕಲಮನ್ನು ತುಂಬುವುದಕ್ಕೆ ಮಾತ್ರ ಹೊಲದ ಒಡೆಯರ ಸಹಾಯ ಬೇಕು. ಇಂದಿನ ಸ್ಥಿತಿಯಲ್ಲಿ ಅವರಿಂದ ಆ ಸಹಾಯ ದೊರೆಯುತ್ತಿರುವುದು ಬಹಳ ಕಡಮೆ. ಈ ವರ್ಷ ಬಿತ್ತಿದ್ದು ಯಾವ ರಾಗಿ ಎಂದು ಕೇಳಿದರೆ 'ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟದ್ದು' ಎಂಬ ಉತ್ತರವೇ ಬರುತ್ತದೆ. ಚೀಲವು ಬಿತ್ತನೆಯ ದಿನವೇ ದನದ ಕೊಟ್ಟಿಗೆ ಸೇರುತ್ತದೆ, ಅದರ ಮೇಲಿನ ಚೀಟಿಯು ಕೆಸರಿನಲ್ಲಿ ಹೋಗುತ್ತದೆ. ಎಕರೆಗೆ ಎಷ್ಟು ಬಂತೆಂದರೆ 'ಪರವಾಗಿಲ್ಲ' ಎಂಬ ಮಾತು. ಇಂಥ ಉತ್ತರಗಳನ್ನು ಕೂಡಿಸಿ ಯಾವ ಅಂಕೆಯನ್ನು ಯಾರು ಮಾಡಿಯಾರು? ವಿದ್ವಾಂಸರು ಪರಸ್ಪರ ಹೆಸರಿಸುವುದನ್ನು ಧರ್ಮವೆಂದು ಇಟ್ಟುಕೊಂಡಿದ್ದಾರೆ, ಅದಕ್ಕಾಗಿ ಅವರ ಲೆಕ್ಕ ನಡೆಯುತ್ತದೆ. ರೈತರು ಹೆಸರಿಸುವುದಿಲ್ಲವಾದ್ದರಿಂದ ರೈತರ ಲೆಕ್ಕ ನಡೆಯುವುದಿಲ್ಲ. ಈ ಮಾತು ಕೆಲವರಿಗೆ ಕಹಿಯಾಗಿ ತೋರಬಹುದು.

ಕೆಲಸವೇನೋ ಸಣ್ಣದು. ಬೀಜದ ಚೀಲದ ಚೀಟಿಯನ್ನು ಹರಿದುಹೋಗದಂತೆ ತೆಗೆದು ಮನೆಯ ಲೆಕ್ಕದ ಪುಸ್ತಕದಲ್ಲಿ ಅಂಟಿಸತಕ್ಕದ್ದು. ಅದರ ಕೆಳಗೆ ಸರ್ವೆ ನಂಬರು, ಬಿತ್ತಿದ ದಿನ, ಬೆಂಕಿರೋಗವು ಎಲೆಯಲ್ಲಿಯೋ ಕುತ್ತಿಗೆಯಲ್ಲಿಯೋ ಇಲುಕಿನಲ್ಲಿಯೋ ಕಂಡಿದ್ದರೆ ಅದು ಕಂಡ ವಾರ, ಕಡೆಗೆ ಕಣದಲ್ಲಿ ತೂಗಿದ ಕಾಳು ಮತ್ತು ಹುಲ್ಲಿನ ತೂಕ, ಇಷ್ಟನ್ನು ಬರೆದಿಟ್ಟರೆ ಸಾಕು. ಒಂದು ಗ್ರಾಮ ಪಂಚಾಯಿತಿಯಲ್ಲಿ ಹತ್ತು ಮಂದಿ ಜಮೀನುದಾರರು ಹೀಗೆ ಮಾಡಿದರೆ ಮುಖಂಡರು ಅದರ ನಕಲನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ಹೆಬ್ಬಾಳದಾಚೆಯ ಜಿ.ಕೆ.ವಿ.ಕೆ.ಗೂ ಕಳುಹಿಸಬಹುದು. ನವೆಂಬರಿನಲ್ಲಿ ನಡೆಯುವ ಕೃಷಿ ಮೇಳದ ಹೊತ್ತಿಗೆ ಕೆಂಗೇರಿ, ತಾವರೆಕೆರೆಗಳ ಕಡೆಯ ತಡವಾದ ರಾಗಿ ಇನ್ನೂ ಹೊಲದಲ್ಲಿಯೇ ಇರುತ್ತದಾದ್ದರಿಂದ ಲೆಕ್ಕವನ್ನು ಅಲ್ಲಿಗೆ ಒಯ್ಯುವ ಅವಸರ ಬೇಡ. ಕೊಯ್ಲು ಮುಗಿದು, ಮೆದೆ ಒಣಗಿ, ಕಣದ ಕೆಲಸ ಪೂರೈಸಿದ ಮೇಲೆ, ಸಂಕ್ರಾಂತಿ ಕಳೆದ ವಾರದಲ್ಲಿ ಕಳುಹಿಸಿದರೆ ಮುಂದಿನ ಮುಂಗಾರಿನ ಬೀಜದ ಹಂಚಿಕೆಯನ್ನು ಗೊತ್ತುಮಾಡುವುದಕ್ಕೆ ಮುಂಚೆ ಅದು ಸೇರಬೇಕಾದವರ ಕೈಸೇರಬಹುದು.